ಸೋವಿಯತ್ ಆದಿಯುಗದ ಕಿರುವಿಮಾನಗಳ ಅವಘಡ: ಕಥನಗಳ ಒಂದು ವಿಮರ್ಶೆ

೧

'ಅಪಘಾತ', 'ಅವಘಡ', 'ಆಕಸ್ಮಿಕ' ಎಂಬ ಮೂರು ಮಾತುಗಳನ್ನು ನಿತ್ಯವ್ಯವಹಾರದಲ್ಲಿ ನಾವು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುತ್ತೇವೆ. ಆದರೆ ಅವುಗಳ ಅರ್ಥಚ್ಛಾಯೆಗಳು ಒಂದೇ ಅಲ್ಲ. ಮೊದಲಿನ ಎರಡು ಮಾತುಗಳು ಒದಗಿದ ಹಾನಿಯನ್ನು ಹೇಳುತ್ತವೆ. ಮೂರನೆಯದು ಆ ಹಾನಿಯ ಕಾರಣವನ್ನು ಕುರಿತ ನಮ್ಮ ತಿಳಿವಿನ ಮಿತಿಯನ್ನು ಹೇಳುತ್ತದೆ. 'ಕಸ್ಮಾತ್' ಎಂದರೆ ಏತರಿಂದ ಎಂದರ್ಥ. ಏತರಿಂದ ಎಂದು ಹೇಳಲಾಗದುದು 'ಅಕಸ್ಮಾತ್'. ಒಂದು ಘಟನೆಯನ್ನು ಆಕಸ್ಮಿಕವೆಂದು ಕರೆಯುವವನು, ಅದರ ಹಿಂದೆ ಒಬ್ಬ ಕರ್ತೃವನ್ನು ಕಲ್ಪಿಸಲು ತನಗೆ ಆಧಾರವಿಲ್ಲವೆಂದು ಒಪ್ಪಿಕೊಂಡಂತಾಯಿತು. ಇಂತಹ ಒಪ್ಪಿಗೆಗೆ ಒಂದು ಬಗೆಯ ಬೌದ್ಧಿಕ ವಿನಯ ಬೇಕಾಗುತ್ತದೆ.

ರಷ್ಯನ್ ವೈಮಾನಿಕ ಪರಿಭಾಷೆಯಲ್ಲಿಯೂ ಮೂರು ಮಾತುಗಳುಂಟು. ದುರಸ್ತಿ ಮಾಡಿ ಮತ್ತೆ ಹಾರಿಸಬಹುದಾದಷ್ಟು ಮುರಿತವಾದರೆ ಅದು 'ಪೊಲೊಮ್ಕ'. ವಿಮಾನವು ನುಚ್ಚುನೂರಾದರೂ ಜನರು ಬದುಕಿ ಉಳಿದರೆ ಅದು 'ಅವಾರಿಯ'. ಪ್ರಾಣಹಾನಿಯಾದರೆ ಅದು 'ಕತಸ್ತ್ರೋಫ'. ಈ ವಿಂಗಡಣೆಯ ಸ್ವರೂಪವನ್ನು ವಾಚಕರು ಗಮನಿಸಬೇಕು. ಇದು ಫಲವನ್ನು ಅಳೆಯುತ್ತದೆಯೇ ಹೊರತು ಕಾರಣವನ್ನು ಮುಟ್ಟುವುದಿಲ್ಲ. ಮುರಿದದ್ದೆಷ್ಟು, ಸತ್ತವರಾರು ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಏಕೆ ಮುರಿಯಿತೆಂಬುದಕ್ಕೆ ಇಲ್ಲ. ಪರಿಭಾಷೆಯು ತೆರವಾಗಿ ಬಿಟ್ಟ ಈ ಎಡೆಯನ್ನು ತುಂಬಿದ್ದು ಕಥನ. ಸರ್ಕಾರಿ ಪ್ರಕಟಣೆ, ವದಂತಿ, ವೀರಗಾಥೆ, ಕಾದಂಬರಿ ಇವೆಲ್ಲವೂ ತಮ್ಮ ತಮ್ಮ ರೀತಿಯಲ್ಲಿ 'ಏಕೆ' ಎಂಬುದಕ್ಕೆ ಉತ್ತರ ಕೊಡಲು ಹವಣಿಸಿದುವು.

೧೯೨೩ರಿಂದ ೧೯೪೧ರವರೆಗಿನ ಅವಧಿಯಲ್ಲಿ, ಅಂಚೆ ಒಯ್ಯಲು, ವೈದ್ಯರನ್ನು ಕರೆದೊಯ್ಯಲು, ಹೊಲಕ್ಕೆ ಔಷಧ ಎರಚಲು, ಎಳೆಯರಿಗೆ ಹಾರಾಟ ಕಲಿಸಲು ಬಳಸಿದ ಚಿಕ್ಕ ವಿಮಾನಗಳನ್ನೂ ಅವುಗಳ ಒಡನಾಡಿಗಳಾದ ಕೆಲವು ಯಂತ್ರಗಳನ್ನೂ ಮುಂದಿಟ್ಟುಕೊಂಡು, ಅವಕ್ಕೊದಗಿದ ಅವಘಡಗಳನ್ನು ಆ ಕಾಲದ ಕಥನಗಳು ಹೇಗೆ ನಿರೂಪಿಸಿದುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಂತ್ರಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ಯಂತ್ರದ ಗುಣವನ್ನು ಅರಿಯದೆ ಅದರ ಕಥೆಯ ಗುಣವನ್ನು ಅಳೆಯುವುದು ಸಾಧ್ಯವಿಲ್ಲವಾಗಿ, ಮೊದಲು ಅದನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ.

೨

ಅಂತರ್ಯುದ್ಧವು ಮುಗಿದು ದೇಶವು ಇನ್ನೂ ಚೇತರಿಸಿಕೊಳ್ಳುತ್ತಿದ್ದ ೧೯೨೩ರ ಮಾರ್ಚಿಯಲ್ಲಿ ವಾಯುಪಡೆಯ ಮಿತ್ರರ ಸಂಘವೂ 'ದೊಬ್ರೊಲ್ಯೋತ್' ಎಂಬ ವಿಮಾನಸಂಸ್ಥೆಯೂ ಹುಟ್ಟಿದುವು. ಕಾರ್ಖಾನೆಗಳಲ್ಲಿ, ಹಳ್ಳಿಗಳಲ್ಲಿ ವಂತಿಗೆಯೆತ್ತಿ ವಿಮಾನಗಳನ್ನು ಕೊಂಡರು. ಪ್ರಚಾರದ ಹಾರಾಟಗಳು ನಡೆದುವು. ರೈಲನ್ನೇ ಕಾಣದ ರೈತರನ್ನು ವಿಮಾನದಲ್ಲಿ ಕೂರಿಸಿ ತಮ್ಮ ಹೊಲಗಳನ್ನು ಮೇಲಿನಿಂದ ನೋಡುವಂತೆ ಮಾಡಿದರು. ಮಯಾಕೊವ್‌ಸ್ಕಿಯು ೧೯೨೫ರಲ್ಲಿ ಬರೆದ 'ಹಾರುವ ಕಾರ್ಮಿಕ' ಎಂಬ ದೀರ್ಘಕವನದಲ್ಲಿ ಆಕಾಶವು ಭವಿಷ್ಯದ ಮನುಷ್ಯನ ನಿತ್ಯಜೀವನದ ತಾಣವಾಗಿಬಿಟ್ಟಿದೆ. ಸ್ಕಾಟ್ ಪಾಮರನು ೨೦೦೬ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ರಷ್ಯದಲ್ಲಿ ವಿಮಾನವು ಸಾಗಣೆಯ ಸಾಧನವಾಗಿರುವುದರ ಜೊತೆಗೆ ಆಧುನಿಕತೆಯ ಲಾಂಛನವೂ ಆಗಿತ್ತೆಂಬುದನ್ನು ವಿಸ್ತಾರವಾಗಿ ತೋರಿಸಿದ್ದಾನೆ. ಲಾಂಛನವಾದ ವಸ್ತುವಿಗೆ ಒಂದು ತೊಡಕುಂಟು. ಬಂಡಿ ಉರುಳಿದರೆ ಬಂಡಿ ಉರುಳಿತೆನ್ನಬಹುದು; ಲಾಂಛನ ಉರುಳಿದರೆ ಅಷ್ಟಕ್ಕೇ ಬಿಡಲಾಗುವುದಿಲ್ಲ.

ಈ ಲಾಂಛನಗಳ ನಡುವೆ ತೀರ ಸಾಧಾರಣವಾದ ಒಂದು ಯಂತ್ರವೂ ಇದ್ದಿತು. ನಿಕೊಲಾಯ್ ಪೊಲಿಕಾರ್ಪೊವನು ರಚಿಸಿದ 'ಉ-೨' ಎಂಬ ವಿಮಾನವದು. ಮರದ ಅಸ್ಥಿಪಂಜರ, ಬಟ್ಟೆಯ ಹೊದಿಕೆ, ಒಂದರ ಮೇಲೊಂದು ಜೋಡಿ ರೆಕ್ಕೆ, ಗಾಳಿಗೆ ತೆರೆದ ಎರಡು ಆಸನಗಳು, ೧೦೦ ಕುದುರೆಬಲದ ಎಂಜಿನ್ನು. ೧೯೨೭ರಲ್ಲಿ ಮಾಡಿದ ಮೊದಲ ಮಾದರಿಯಲ್ಲಿ ಎಡ ಬಲ, ಮೇಲು ಕೆಳಗು ಎಂಬ ಭೇದವಿಲ್ಲದೆ ರೆಕ್ಕೆಯ ತುಂಡುಗಳನ್ನು ಒಂದರ ಬದಲು ಒಂದನ್ನು ಜೋಡಿಸಬಹುದಾಗಿತ್ತು. ಮುರಿದಾಗ ಬದಲಿ ಭಾಗ ಸುಲಭವಾಗಿ ಸಿಗಲೆಂಬುದು ಅದರ ಉದ್ದೇಶ. ಆದರೆ ದುರಸ್ತಿಯ ಅನುಕೂಲಕ್ಕಾಗಿ ಹಾರಾಟದ ಗುಣವೇ ಬಲಿಯಾಯಿತು. ಆ ಮಾದರಿ ತೃಪ್ತಿಕರವಾಗಲಿಲ್ಲ. ಪೊಲಿಕಾರ್ಪೊವನು ಅದನ್ನು ಹೊಸದಾಗಿ ರೂಪಿಸಿದನು. ೧೯೨೮ರ ಜನವರಿಯಲ್ಲಿ ಮಿಖಾಯಿಲ್ ಗ್ರೋಮೊವನು ಎರಡನೆಯ ಮಾದರಿಯನ್ನು ಹಾರಿಸಿದನು. ತಪ್ಪಿನಿಂದ ಕಲಿತು ತಿದ್ದಿದ ಕೃತಿ ಅದು.

ಹೀಗೆ ಸಿದ್ಧವಾದ ವಿಮಾನದ ಪರಮಗುಣವೆಂದರೆ ಕ್ಷಮೆ. ಗಂಟೆಗೆ ಸುಮಾರು ೧೫೦ ಕಿಲೋಮೀಟರಿಗೆ ಮೀರದ ವೇಗ. ಇಳಿಯುವಾಗ ಅದರ ಅರ್ಧಕ್ಕೂ ಕಡಿಮೆ. ಅದು ಸುಲಭವಾಗಿ ಗಿರಕಿಗೆ ಸಿಕ್ಕುತ್ತಿರಲಿಲ್ಲ. ಸಿಕ್ಕಿದರೂ ಚಾಲಕನು ಹಿಡಿತವನ್ನು ಸಡಿಲಿಸಿದರೆ ಬೇಗ ಹೊರಬರುತ್ತಿತ್ತು. ಒಂದು ತಲೆಮಾರಿನ ವೈಮಾನಿಕರು ಅದರ ಮೇಲೆ ತಪ್ಪುಮಾಡಿ ಕಲಿತರು. ರೋಗಿಯನ್ನು ಒಯ್ಯುವ, ಬೆಳೆಗೆ ಪುಡಿಯೆರಚುವ ಬಗೆಗಳೂ ಅದರಿಂದ ಹುಟ್ಟಿದುವು. ಮುಸುಕಿನ ಜೋಳದ ರಷ್ಯನ್ ಹೆಸರಿನಿಂದ 'ಕುಕುರೂಜ್ನಿಕ್' ಎಂಬ ಅಡ್ಡಹೆಸರೂ ಬಂದಿತು. ಇದರರ್ಥ ಅದಕ್ಕೆ ಅವಘಡವೇ ಒದಗಲಿಲ್ಲವೆಂದಲ್ಲ. ಎಲ್ಲಿ ಬೇಕಾದರೂ ಇಳಿಯಬಲ್ಲುದೆಂಬ ಕಾರಣದಿಂದಲೇ ಇಳಿದಾಣವಿಲ್ಲದೆಡೆಗೆ ಅದನ್ನು ಕಳುಹಿಸುತ್ತಿದ್ದರು. ರೇಡಿಯೋ ಇಲ್ಲ, ದಾರಿಯ ಹವೆಯ ವರದಿಯಿಲ್ಲ. ಹಿಮ, ಮಂಜು, ಕಾಣದ ತಂತಿ, ಹಳ್ಳಬಿದ್ದ ಹುಲ್ಲುಗಾವಲು ಇವೇ ಅದರ ಶತ್ರುಗಳು. ಅದರ ಪಾಲಿಗೆ ಬರುತ್ತಿದ್ದುದು ಬಹುಮಟ್ಟಿಗೆ 'ಪೊಲೊಮ್ಕ'. ಯಂತ್ರ ಮುರಿಯುತ್ತಿತ್ತು, ಮನುಷ್ಯನು ಎದ್ದು ಬರುತ್ತಿದ್ದನು, ಮರದ ತುಂಡೂ ಅಂಟೂ ಬಟ್ಟೆಯೂ ಸಿಕ್ಕಿದರೆ ಮತ್ತೆ ಹಾರುತ್ತಿದ್ದನು. ಯಾರ ಮೇಲೂ ಅಪರಾಧ ಹೊರಿಸದೆ, ಯಾರನ್ನೂ ವೀರನೆನ್ನದೆ ಮುಗಿಯುವ ಘಟನೆಗಳಿವು. ಇವುಗಳಿಗೆ ಆ ಕಾಲದ ಕಥನದಲ್ಲಿ ಎಡೆ ದೊರಕಿತೆ ಎಂಬುದೇ ನಮ್ಮ ಪ್ರಶ್ನೆ.

೩

ಮೊದಲನೆಯ ನಿದರ್ಶನವಾಗಿ ೧೯೨೫ರ ಮಾರ್ಚಿ ೨೨ರಂದು ತಿಫ್ಲಿಸ್ ನಗರದ ಬಳಿ ನಡೆದ ಘಟನೆಯನ್ನು ತೆಗೆದುಕೊಳ್ಳಬಹುದು. ಯೂಂಕರ್ಸ್ 'ಎಫ್-೧೩' ಎಂಬ ಜರ್ಮನ್ ವಿಮಾನವು ಅಂದು ಸುಖುಮಿಯತ್ತ ಹೊರಟಿತು. ಪೂರ್ಣವಾಗಿ ಲೋಹದಿಂದ ಮಾಡಿದ, ನಾಲ್ವರು ಪ್ರಯಾಣಿಕರನ್ನು ಒಯ್ಯಬಲ್ಲ ಈ ಚಿಕ್ಕ ವಿಮಾನವು ಆಗಿನ ಸೋವಿಯತ್ ದಾರಿಗಳಲ್ಲಿ ತೀರ ಪರಿಚಿತವಾದುದು. ಅದರಲ್ಲಿದ್ದ ಪ್ರಯಾಣಿಕರಾದರೋ ಸಾಮಾನ್ಯರಲ್ಲ. ಕಾಕಸಸ್ ಆಚೆಯ ಪ್ರಾಂತದ ಪಕ್ಷದ ಮುಖಂಡ ಅಲೆಕ್ಸಾಂಡರ್ ಮ್ಯಾಸ್ನಿಕೊವ್, ಅಲ್ಲಿನ ರಹಸ್ಯ ಪೊಲೀಸು ಇಲಾಖೆಯ ಮುಖ್ಯಸ್ಥ ಸೊಲೊಮನ್ ಮೊಗಿಲೆವ್‌ಸ್ಕಿ ಮತ್ತು ಗೆಯೊರ್ಗಿ ಅತಾರ್ಬೆಕೊವ್ ಎಂಬ ಮೂವರು ಅಧಿಕಾರಿಗಳು. ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನಕ್ಕೆ ಬೆಂಕಿ ಹತ್ತಿತು. ಆ ಮೂವರೂ ಇಬ್ಬರು ಚಾಲಕರೂ ಸತ್ತರು.

ವಿಚಾರಣೆಗಳು ನಡೆದುವು, ಬೆಂಕಿಯ ಮೂಲ ಮಾತ್ರ ನಿರ್ಣಾಯಕವಾಗಿ ಹೊರಬರಲಿಲ್ಲ. ಇದು ಆಕಸ್ಮಿಕವೇ ಎಂದು ಟ್ರಾಟ್ಸ್ಕಿಯು ಸಂಶಯಪಟ್ಟನು. ಮುಂದಿನ ವರ್ಷಗಳಲ್ಲಿ ಬೆರಿಯನ ಹೆಸರೂ ವದಂತಿಗೆ ಸೇರಿತು. ಹೀಗೆ ಒಂದೇ ಘಟನೆಗೆ ಎರಡು ಕಥನಗಳು ಬೆಳೆದುವು. ಸಾರ್ವಜನಿಕ ಕಥನದಲ್ಲಿ ಇದು ಕ್ರಾಂತಿಯ ಸೇವೆಯಲ್ಲಿ ಬಂದ ವೀರಮರಣ. ಪಿಸುಮಾತಿನ ಕಥನದಲ್ಲಿ ಇದು ಸಂಚು. ಈ ಎರಡಕ್ಕೂ ಮೇಲುನೋಟಕ್ಕೆ ವಿರೋಧವಿದ್ದರೂ ಒಳಗೆ ಒಂದು ಸಾಮ್ಯವುಂಟು. ೧೯೨೫ರಲ್ಲಿ ಗಾಳಿಗಿಂತ ಭಾರವಾದ ಯಂತ್ರವೊಂದಕ್ಕೆ, ಎಂಜಿನ್ನಿನ ಬಳಿಯೇ ಪೆಟ್ರೋಲು ಹರಿಯುವ ಯಂತ್ರಕ್ಕೆ, ಬೆಂಕಿ ಹತ್ತಬಹುದೆಂಬ ಸರಳಸಂಗತಿಯನ್ನು ಎರಡೂ ಪಕ್ಕಕ್ಕೆ ಸರಿಸುತ್ತವೆ. ಪ್ರಯಾಣಿಕರು ದೊಡ್ಡವರಾದುದರಿಂದ ಕಾರಣವೂ ದೊಡ್ಡದಾಗಿರಬೇಕೆಂಬುದು ಎರಡರ ಗ್ರಹಿಕೆ. ಸಂಚು ಇರಲೇ ಇಲ್ಲವೆಂದು ವಾದಿಸುವುದು ನಮ್ಮ ಇಂಗಿತವಲ್ಲ. ಆಧಾರವು ನಿಲ್ಲುವೆಡೆಯಲ್ಲಿ ಕಥನವು ನಿಲ್ಲಲಿಲ್ಲವೆಂಬುದಷ್ಟೇ ನಮ್ಮ ಮಾತು. ಜೊತೆಗೆ ಸತ್ತ ಚಾಲಕರಿಬ್ಬರೂ ಎರಡು ಕಥನಗಳಲ್ಲಿಯೂ ಹಿನ್ನೆಲೆಗೆ ಸರಿದುಬಿಟ್ಟರೆಂಬುದನ್ನೂ ಇಲ್ಲಿ ಹೇಳಬೇಕು.

೪

ಎಂಟು ವರ್ಷಗಳ ಅನಂತರ, ೧೯೩೩ರ ಸೆಪ್ಟೆಂಬರ್ ೫ರಂದು, ಮಾಸ್ಕೋವಿಗೆ ದಕ್ಷಿಣದಲ್ಲಿ ಲೊಪಾಸ್ನ್ಯದ ಬಳಿ 'ಎ.ಎನ್.ಟಿ.-೭' ಎಂಬ ವಿಮಾನವು ಕೆಟ್ಟ ಹವೆಯಲ್ಲಿ ತಗ್ಗಾಗಿ ಹಾರುತ್ತಿದ್ದು ನೆಲಕ್ಕಪ್ಪಳಿಸಿತು. ವಿಮಾನ ಕೈಗಾರಿಕೆಯ ಮುಖ್ಯಸ್ಥ ಪ್ಯೋತರ್ ಬರಾನೊವನೂ ನಾಗರಿಕ ವಾಯುಯಾನದ ಮುಖ್ಯಸ್ಥ ಅಬ್ರಾಮ್ ಗೋಲ್ತ್ಸ್‌ಮನ್ನನೂ ಅದರಲ್ಲಿ ಮಡಿದರು. ಇಡೀ ದೇಶದ ವಿಮಾನಗಳನ್ನು ಕಟ್ಟಿಸುತ್ತಿದ್ದವನೂ ಹಾರಿಸುತ್ತಿದ್ದವನೂ ಒಂದೇ ಗಳಿಗೆಯಲ್ಲಿ ಇಲ್ಲವಾದರು. ಇದರ ಬೆನ್ನಿಗೇ ಪೊಲಿಟ್‌ಬ್ಯೂರೋ ಪಕ್ಷದ ಹಿರಿಯರು ವಿಮಾನದಲ್ಲಿ ಪ್ರಯಾಣಮಾಡುವುದನ್ನು ನಿರ್ಬಂಧಿಸಿತು. ಇಲ್ಲಿರುವ ವೈಷಮ್ಯ ಗಮನಾರ್ಹ. ಕಾರ್ಮಿಕರೇ ವಿಮಾನವೇರಿರಿ ಎಂಬ ಕರೆ ಭಿತ್ತಿಪತ್ರಗಳಲ್ಲಿ ಮೊಳಗುತ್ತಿದ್ದ ಕಾಲದಲ್ಲಿಯೇ, ಏರಬೇಡಿರೆಂಬ ನಿರ್ದೇಶ ಕಡತಗಳಲ್ಲಿ ಹಿರಿಯರಿಗೆ ಹೋಗುತ್ತಿತ್ತು. ಹಾರಾಟದಲ್ಲಿ ಅಪಾಯವುಂಟು, ಅದನ್ನು ಪೂರ್ಣವಾಗಿ ನೀಗಲಾಗದು ಎಂಬ ಸತ್ಯವನ್ನು ಆಳುವವರು ಅರಿತಿದ್ದರು. ಅದನ್ನು ಎಲ್ಲರೆದುರು ಹೇಳುವ ಭಾಷೆ ಮಾತ್ರ ಅವರಲ್ಲಿ ಇರಲಿಲ್ಲ.

ಇನ್ನು ೧೯೩೫ರ ಮೇ ೧೮ರ ಘಟನೆ. ಎಂಟು ಎಂಜಿನ್ನುಗಳ, ೬೩ ಮೀಟರ್ ರೆಕ್ಕೆಯ 'ಮಕ್ಸೀಮ್ ಗೋರ್ಕಿ' ಎಂಬ ದೈತ್ಯವಿಮಾನವು ಮಾಸ್ಕೋವಿನ ಮೇಲೆ ಹಾರುತ್ತಿದ್ದಾಗ, ಪಕ್ಕದಲ್ಲಿ ಹಾರುತ್ತಿದ್ದ 'ಐ-೫' ಎಂಬ ಚಿಕ್ಕ ವಿಮಾನವು ಅದಕ್ಕೆ ಬಡಿಯಿತು. ಎರಡೂ ಬಿದ್ದುವು; ಮಕ್ಕಳನ್ನೂ ಒಳಗೊಂಡಂತೆ ಒಳಗಿದ್ದವರೆಲ್ಲರೂ ಸತ್ತರು. ಚಿಕ್ಕ ವಿಮಾನದ ಚಾಲಕ ನಿಕೊಲಾಯ್ ಬ್ಲಾಗಿನನು ನಿಷೇಧವನ್ನು ಮೀರಿ ಕಸರತ್ತು ಮಾಡಿದುದೇ ಕಾರಣವೆಂದು ಸರ್ಕಾರಿ ಪ್ರಕಟಣೆ ಸಾರಿತು. ಈ ಪ್ರಕಟಣೆಯನ್ನು ಒಂದು ಸಾಹಿತ್ಯರೂಪವೆಂದು ಭಾವಿಸಿ ನೋಡಿದರೆ, ಅದರ ರಚನೆ ಅತ್ಯಂತ ಬಿಗಿಯಾದುದು. ದೈತ್ಯವು ನಿರ್ದೋಷಿ, ಯೋಜನೆ ನಿರ್ದೋಷಿ, ಕಿರಿಯದು ದೋಷಿ. ಇಷ್ಟು ಸಮೀಪದಲ್ಲಿ ಎರಡು ವಿಮಾನಗಳನ್ನು ಹಾರಿಸುವ ಏರ್ಪಾಡು ಯಾರದು, ಏತಕ್ಕಾಗಿ ಎಂಬ ಪ್ರಶ್ನೆಗೆ ಅದರಲ್ಲಿ ಎಡೆಯಿಲ್ಲ. ಹಾಗಿದ್ದರೂ ಬ್ಲಾಗಿನನ ಅಸ್ಥಿಯನ್ನು ಉಳಿದವರೊಡನೆ ಒಂದೇ ಶ್ಮಶಾನದಲ್ಲಿ ಇರಿಸಲಾಯಿತು. ಪ್ರಕಟಣೆಯು ಅಪರಾಧಿಯೆಂದದ್ದನ್ನು ಶ್ಮಶಾನವು ಹೇಳಲಿಲ್ಲ. ಕಥನದ ಬಿಗಿಯಲ್ಲಿ ಇದೊಂದು ಸಣ್ಣ ಬಿರುಕು. ನಿಜವು ಇಂತಹ ಬಿರುಕುಗಳಲ್ಲಿಯೇ ಇಣುಕುವುದುಂಟು.

ಈ ಕಥನವು ಮರೆಮಾಡಿದ ಇನ್ನೊಂದು ಸಂಗತಿಯೂ ಉಂಟು. ಬ್ಲಾಗಿನನು ಹಾರಿಸುತ್ತಿದ್ದ 'ಐ-೫' ವಿಮಾನವನ್ನು ರೂಪಿಸಿದವರು ಪೊಲಿಕಾರ್ಪೊವ್ ಮತ್ತು ಗ್ರಿಗೊರೊವಿಚ್, ರೂಪಿಸಿದುದು ಸೆರೆಮನೆಯಲ್ಲಿ. ಕ್ಷಮಾಗುಣವುಳ್ಳ 'ಉ-೨'ರ ಕರ್ತೃವಾದ ಪೊಲಿಕಾರ್ಪೊವನನ್ನು ೧೯೨೯ರಲ್ಲಿ ವಿಧ್ವಂಸಕನೆಂಬ ಆಪಾದನೆಯ ಮೇಲೆ ಬಂಧಿಸಲಾಗಿತ್ತು. 'ಮಕ್ಸೀಮ್ ಗೋರ್ಕಿ'ಯನ್ನು ಕಟ್ಟಿದ ತುಪೊಲೆವನಿಗೆ ೧೯೩೭ರಲ್ಲಿ ಅದೇ ಗತಿಯಾಯಿತು. ಆಕಾಶದಲ್ಲಿ ಢಿಕ್ಕಿ ಹೊಡೆದ ಎರಡು ಯಂತ್ರಗಳ ಕರ್ತೃಗಳೂ ನೆಲದ ಮೇಲೆ ಒಂದೇ ಆಪಾದನೆಗೆ ಗುರಿಯಾದರು.

೫

ಅಪರಾಧದ ಕಥನಕ್ಕೆ ಎದುರಾಗಿ ನಿಲ್ಲುವುದು ವೀರದ ಕಥನ. ಅದರ ಶ್ರೇಷ್ಠ ನಿದರ್ಶನವೆಂದರೆ ೧೯೩೪ರ 'ಚೆಲ್ಯೂಸ್ಕಿನ್' ಪ್ರಸಂಗ. ಆ ಹೆಸರಿನ ಹಡಗು ಫೆಬ್ರವರಿ ೧೩ರಂದು ಉತ್ತರ ಹಿಮಸಾಗರದಲ್ಲಿ ಹಿಮದ ಒತ್ತಡಕ್ಕೆ ಸಿಕ್ಕಿ ಮುಳುಗಿ, ೧೦೪ ಮಂದಿ ತೇಲುವ ಹಿಮದ ಮೇಲೆ ಉಳಿದರು. ಏಪ್ರಿಲ್ ೧೩ರ ವೇಳೆಗೆ ಅವರೆಲ್ಲರನ್ನೂ ವಿಮಾನಗಳು ದಡಕ್ಕೆ ತಂದುವು. ಏಳು ಮಂದಿ ವೈಮಾನಿಕರು 'ಸೋವಿಯತ್ ಒಕ್ಕೂಟದ ವೀರ' ಎಂಬ ಬಿರುದನ್ನು ಮೊಟ್ಟಮೊದಲಿಗೆ ಪಡೆದರು. ಸಾಹಸವು ನಿಜವಾದುದು, ಅದನ್ನು ಕಿರಿದುಗೊಳಿಸುವ ಉದ್ದೇಶ ನಮಗಿಲ್ಲ. ಮೊಲೊಕೊವನು ಇಬ್ಬರು ಕೂರುವ 'ಆರ್-೫' ವಿಮಾನದ ರೆಕ್ಕೆಯ ಕೆಳಗೆ ಸಾಮಾನಿನ ಗೂಡುಗಳಲ್ಲಿ ಜನರನ್ನು ಮಲಗಿಸಿಕೊಂಡು ಒಟ್ಟು ೩೯ ಮಂದಿಯನ್ನು ಸಾಗಿಸಿದನು. ಆ 'ಆರ್-೫' ಸಹ ಪೊಲಿಕಾರ್ಪೊವನ ಕೃತಿಯೇ.

ವಿಮರ್ಶಕನ ದೃಷ್ಟಿಗೆ ಬೀಳುವುದು ಈ ಗಾಥೆಯಲ್ಲಿ ಮುರಿತಗಳಿಗೆ ದೊರೆತ ಸ್ಥಾನ. ಲೆವನೆವ್‌ಸ್ಕಿಯು ಮಾರ್ಚಿ ೨೯ರಂದು ದಾರಿಯಲ್ಲಿಯೇ ಅವಘಡಕ್ಕೀಡಾಗಿ ವಿಮಾನವನ್ನು ಕಳೆದುಕೊಂಡನು. ಹಿಮದ ಮೇಲಿದ್ದವರಲ್ಲಿ ಒಬ್ಬರನ್ನೂ ಅವನು ತರಲಾಗಲಿಲ್ಲ. ಆದರೂ ಏಳ್ವರಲ್ಲಿ ಅವನೊಬ್ಬ. ಕಮಾನಿನನ ವಿಮಾನ ಮುರಿದಾಗ, ನಾಯಕನಾದ ಅವನು ತನ್ನ ತಂಡದ ಪಿವೆನ್‌ಷ್ಟೆಯಿನನ ವಿಮಾನವನ್ನು ತೆಗೆದುಕೊಂಡು ಮುಂದುವರಿದನು. ಮುರಿದುದನ್ನು ರಿಪೇರಿಮಾಡಲು ಪಿವೆನ್‌ಷ್ಟೆಯಿನನು ಹಿಂದುಳಿದನು. ಕಮಾನಿನನು ವೀರನಾದನು; ಹಿಂದುಳಿದವನು ಆ ಏಳ್ವರಲ್ಲಿ ಇಲ್ಲ. ಹಡಗಿನೊಡನೆ ಹೋಗಿದ್ದ ಬಾಬುಷ್ಕಿನನು 'ಶಾ-೨' ಎಂಬ ಪುಟ್ಟ ನೀರುನೆಲ ವಿಮಾನದ ಮುರಿತಗಳನ್ನು ಹಿಮದ ಮೇಲೆಯೇ ತೇಪೆಹಾಕಿ, ಏಪ್ರಿಲ್ ೨ರಂದು ಒಬ್ಬ ಮೆಕ್ಯಾನಿಕ್ಕನೊಡನೆ ತಾನಾಗಿಯೇ ದಡ ಸೇರಿದನು. ಅವನೂ ಆ ಏಳ್ವರಲ್ಲಿಲ್ಲ.

ಇದರಿಂದ ವ್ಯಕ್ತವಾಗುವುದೇನು? ಅವಘಡವು ವೀರನ ಹಾದಿಯಲ್ಲಿ ಬಂದರೆ ಅದು ಅವನ ವೀರಕ್ಕೆ ಉದ್ದೀಪನ. ದೋಷಿಯ ಹಾದಿಯಲ್ಲಿ ಬಂದರೆ ಅದೇ ಅವನ ದೋಷಕ್ಕೆ ಪ್ರಮಾಣ. ಅದು ತನ್ನಷ್ಟಕ್ಕೆ ಏನೂ ಅಲ್ಲ. ಲೆವನೆವ್‌ಸ್ಕಿಯ ಮುರಿತಕ್ಕೂ ಬ್ಲಾಗಿನನ ಮುರಿತಕ್ಕೂ ಇರುವ ಅಂತರವು ಮುಖ್ಯವಾಗಿ ಕಥನದ ಅಗತ್ಯದ್ದು. ರಸದೃಷ್ಟಿಯಿಂದ ಹೇಳುವುದಾದರೆ, ಈ ಕಥನಗಳಲ್ಲಿ ವೀರ ಉಂಟು, ರೌದ್ರ ಉಂಟು. ಕರುಣಕ್ಕೆ ಮಾತ್ರ ತಾನಾಗಿ ನಿಲ್ಲುವ ಅವಕಾಶವಿಲ್ಲ. ಮುರಿದುದನ್ನು ಕೂಡಿಸುತ್ತ ಹಿಮದಲ್ಲಿ ಕುಳಿತವನಿಗಂತೂ ಅಲ್ಲಿ ಯಾವ ರಸವೂ ಮೀಸಲಾಗಿಲ್ಲ.

೬

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿದ ಕೃತಿಯೆಂದರೆ ವೆನಿಯಾಮಿನ್ ಕವೇರಿನನ 'ಇಬ್ಬರು ಕಪ್ತಾನರು' ಎಂಬ ಕಾದಂಬರಿ. ೧೯೩೮ರಿಂದ ೧೯೪೪ರವರೆಗಿನ ಅವಧಿಯಲ್ಲಿ ರಚಿತವಾದ ಈ ಕೃತಿಗೆ ೧೯೪೬ರಲ್ಲಿ ಸ್ಟಾಲಿನ್ ಬಹುಮಾನ ಬಂದಿತು. ಕಥಾನಾಯಕ ಸಾನ್ಯ ಗ್ರಿಗೊರ್ಯೆವನು ಧ್ರುವಪ್ರದೇಶದ ವೈಮಾನಿಕ. ಗಾಯಗೊಂಡವನೊಬ್ಬನ ಚಿಕಿತ್ಸೆಗಾಗಿ ವೈದ್ಯನನ್ನು ಕೂರಿಸಿಕೊಂಡು ಅವನು ದೂರದ ವನೊಕಾನ್ ಎಂಬ ನೆಲೆಗೆ ಹೊರಡುತ್ತಾನೆ. ಹಿಮಗಾಳಿ ಹಿಡಿಯುತ್ತದೆ, ಬಯಲಿನಲ್ಲಿ ಇಳಿಯಬೇಕಾಗುತ್ತದೆ, ವಿಮಾನಕ್ಕೆ ಜಖಂ ಆಗುತ್ತದೆ. ದುರಸ್ತಿಗೆ ಬೇಕಾದುದನ್ನು ಅರಸುವಾಗ, ಆ ಪ್ರದೇಶದ ನೆನೆತ್ಸ್ ಜನರು ತಮ್ಮಲ್ಲಿರುವ ವಸ್ತುಗಳನ್ನು ತಂದು ಮುಂದಿಡುತ್ತಾರೆ. ಅವುಗಳ ನಡುವೆ ಒಂದು ಹಳೆಯ ಹಿತ್ತಾಳೆಯ ದೋಣಿಗೊಕ್ಕೆ. ಅದರ ಮೇಲಿನ ಅಕ್ಷರಗಳಿಂದ, ನಾಯಕನು ಬಾಲ್ಯದಿಂದ ಅರಸುತ್ತಿದ್ದ, ಬಹುಕಾಲದ ಹಿಂದೆ ಕಾಣೆಯಾದ ಹಡಗಿನ ಸುಳಿವು ದೊರಕುತ್ತದೆ.

ಈ ಪ್ರಸಂಗದ ಗುಣವನ್ನು ಮೊದಲು ಹೇಳಬೇಕು. ನಾವು ಕಂಡ ಕಥನಗಳಲ್ಲಿ ಕಿರುವಿಮಾನದ ಅವಘಡವು ತನ್ನ ಸಹಜ ಪ್ರಮಾಣದಲ್ಲಿ ಚಿತ್ರಿತವಾದುದು ಇಲ್ಲಿಯೇ. ಯಾರೂ ದ್ರೋಹಿಯಲ್ಲ. ಹವೆ ಕೆಟ್ಟಿತು, ಇಳಿದರು, ಮುರಿಯಿತು, ಕಟ್ಟಿದರು, ಹೊರಟರು. ಆಕಾಶದಲ್ಲಿ ಒಂಟಿಯಾಗಿದ್ದ ಯಂತ್ರವು ನೆಲಕ್ಕಿಳಿದು ಮುರಿದಾಗಲೇ ಮನುಷ್ಯಸಮಾಜದೊಡನೆ ಸಂಬಂಧ ಬೆಳೆಸುತ್ತದೆ. ನೆಲದ ಜನರ ನೆರವಿಲ್ಲದೆ ಅದು ಮತ್ತೆ ಏಳಲಾರದು. ಪ್ರಚಾರದ ಹಾರಾಟಗಳಲ್ಲಿ ವಿಮಾನವು ಹಳ್ಳಿಗೆ ಕೊಡಲು ಬರುತ್ತಿತ್ತು. ಇಲ್ಲಿ ಅದು ಬೇಡುತ್ತದೆ. ಈ ತಿರುವಿನಲ್ಲಿ ಕವೇರಿನನ ಪ್ರತಿಭೆಯುಂಟು.

ಆದರೆ ಈ ಪ್ರಸಂಗಕ್ಕೆ ಒಂದು ಮಿತಿಯೂ ಉಂಟು. ಮುರಿತವು ಕೊನೆಗೆ ಕಥೆಯ ಸಂವಿಧಾನಕ್ಕೆ ಊಳಿಗ ಮಾಡುತ್ತದೆ. ವಿಮಾನ ಮುರಿದುದರಿಂದ ದೋಣಿಗೊಕ್ಕೆ ಸಿಕ್ಕಿತು; ಗೊಕ್ಕೆ ಸಿಗಲೆಂದೇ ವಿಮಾನ ಮುರಿಯಿತು ಎಂಬ ಭಾವನೆ ಓದುಗನಲ್ಲಿ ಉಳಿಯುತ್ತದೆ. ಅಪರಾಧಿಯಿಲ್ಲದ ಅವಘಡವನ್ನು ಲೇಖಕನು ಒಪ್ಪಿದನು. ಪ್ರಯೋಜನವಿಲ್ಲದ ಅವಘಡವನ್ನು ಒಪ್ಪಲಿಲ್ಲ. ದೈವವನ್ನು ಮುಂಬಾಗಿಲಿನಿಂದ ಹೊರಗೆ ಕಳುಹಿ, ಹಿತ್ತಲ ಬಾಗಿಲಿನಿಂದ ಒಳಗೆ ಕರೆದಂತಾಯಿತು. ಸಾಹಸಕಾದಂಬರಿಯ ಜಾತಿಗೆ ಇದು ದೋಷವಲ್ಲವೆಂದು ವಾದಿಸಬಹುದು; ವಾದವು ಸರಿಯೂ ಹೌದು. ಆದರೆ ಅಂದಿನ ಕಥನವು ಆಕಸ್ಮಿಕವನ್ನು ಆಕಸ್ಮಿಕವಾಗಿ ಉಳಿಯಗೊಡಲು ಎಷ್ಟು ಹಿಂಜರಿಯಿತೆಂಬುದಕ್ಕೆ ಅದರ ಒಳ್ಳೆಯ ಫಲಗಳಲ್ಲೊಂದೇ ಸಾಕ್ಷಿಯಾಗಿ ನಿಲ್ಲುತ್ತದೆ.

೭

ಕನ್ನಡದ ವಾಚಕರಿಗೆ ಇಲ್ಲಿ ಕರ್ಣನ ರಥದ ಗಾಲಿ ನೆನಪಾಗದೆ ಇರದು. ಯುದ್ಧದ ನಡುವೆ ರಥದ ಗಾಲಿ ನೆಲದಲ್ಲಿ ಹೂತುಕೊಳ್ಳುವುದು, ಯಂತ್ರದೃಷ್ಟಿಯಿಂದ ನೋಡಿದರೆ, ಒಂದು 'ಪೊಲೊಮ್ಕ'. ಮಹಾಭಾರತವು ಅದನ್ನು ಆಕಸ್ಮಿಕವೆನ್ನುವುದಿಲ್ಲ. ಅರಿಯದೆ ಆದ ಗೋಹತ್ಯೆ, ಅದರಿಂದ ಬಂದ ಬ್ರಾಹ್ಮಣನ ಶಾಪ, ಶಾಪದಿಂದ ಹೂತ ಗಾಲಿ ಎಂದು ಕಾರಣಗಳ ಸರಪಣಿಯನ್ನು ಕಟ್ಟುತ್ತದೆ. ಹಾಗಾದರೆ ನಮ್ಮ ಪುರಾಣಕ್ಕೂ ಸೋವಿಯತ್ ಪ್ರಕಟಣೆಗೂ ಭೇದವೇನು? ಭೇದವು ಹೀಗಿದೆ: ಶಾಪದ ಕಥನವು ಬಿದ್ದವನನ್ನು ನಮ್ಮ ಮರುಕದಿಂದ ಹೊರಗಿಡುವುದಿಲ್ಲ. ಪಂಪನಿಂದ ಮೊದಲ್ಗೊಂಡು ನಮ್ಮ ಕವಿಗಳು ಗಾಲಿ ಹೂತ ಕರ್ಣನ ಕಡೆಗೇ ಮನಸ್ಸನ್ನು ಬಾಗಿಸಿದ್ದಾರೆ. ಕಾರಣವೂ ಉಂಟು, ಕರುಣೆಯೂ ಉಂಟು. ದ್ರೋಹದ ಕಥನವಾದರೋ ಕಾರಣವನ್ನು ಕೊಟ್ಟು ಕರುಣೆಯನ್ನು ಕಿತ್ತುಕೊಳ್ಳುತ್ತದೆ.

ಭೌತಿಕವಾದಕ್ಕೆ ಆಕಸ್ಮಿಕವು ಒಗ್ಗದು, ಆದುದರಿಂದ ಹೀಗಾಯಿತೆಂದು ಕೆಲವರು ಹೇಳಬಹುದು. ಇದು ನಿಲ್ಲುವ ಮಾತಲ್ಲ. ೧೮೯೮ರಲ್ಲಿಯೇ ಪ್ಲೆಖಾನೊವನು, ಚರಿತ್ರೆಯಲ್ಲಿ ವ್ಯಕ್ತಿಯ ಪಾತ್ರವನ್ನು ಕುರಿತ ತನ್ನ ಪ್ರಬಂಧದಲ್ಲಿ, ಅನಿವಾರ್ಯವಾದ ಬೇರೆ ಬೇರೆ ಪ್ರಕ್ರಿಯೆಗಳು ಒಂದನ್ನೊಂದು ಸಂಧಿಸುವ ಎಡೆಯಲ್ಲಿ ಆಕಸ್ಮಿಕವು ಹುಟ್ಟುತ್ತದೆಂದು ವಿವರಿಸಿದ್ದನು. ಮಂಜಿಗೆ ತನ್ನ ನಿಯಮವುಂಟು, ಎಂಜಿನ್ನಿಗೆ ತನ್ನ ನಿಯಮವುಂಟು. ಎರಡೂ ಒಂದು ಬೆಟ್ಟದ ಬಳಿ ಕೂಡಿದರೆ ಅದು ಅವಘಡ. ಸಿದ್ಧಾಂತದಲ್ಲಿ ಇದ್ದ ಈ ಎಡೆಯನ್ನು ಮುಚ್ಚಿದ್ದು ಅಧಿಕಾರದ ಕಥನ.

ಕಾರಣವನ್ನು ಹುಡುಕುವುದೇ ತಪ್ಪೆಂದು ನಮ್ಮ ಅಭಿಪ್ರಾಯವಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಆಕಸ್ಮಿಕವೆಂದು ಕೈಚೆಲ್ಲುವುದು ಸೋಮಾರಿತನವೂ ಆಗಬಹುದು. ಹೊಣೆಗೇಡಿಗಳಿಗೆ ಅದೊಂದು ಮರೆಯೂ ಆಗಬಹುದು. ಆದರೆ ಕಾರಣವನ್ನು ಹುಡುಕುವುದು ಒಂದು, ಅಪರಾಧಿಯನ್ನು ಹುಡುಕುವುದು ಇನ್ನೊಂದು. ಮೊದಲನೆಯದು ನಡೆದಾಗ 'ಉ-೨'ರ ಎರಡನೆಯ ಮಾದರಿ ಹುಟ್ಟಿತು. ಎರಡನೆಯದು ನಡೆದಾಗ ಅದೇ ಕರ್ತೃ ಸೆರೆಮನೆಗೆ ಹೋದನು. 'ಕಾ-೪', 'ಕಾ-೫' ಎಂಬ ಉಪಯುಕ್ತ ಪ್ರಯಾಣಿಕ ವಿಮಾನಗಳನ್ನು ರೂಪಿಸಿದ ಕಲೀನಿನನು ೧೯೩೮ರಲ್ಲಿ ಗುಂಡಿಗೆ ಬಲಿಯಾದನು. ತಪ್ಪು ಒಪ್ಪಿಕೊಂಡವನಿಗೆ ಪ್ರಾಣವೇ ದಂಡವಾದರೆ ತಪ್ಪನ್ನು ಒಪ್ಪುವವರಿರುವುದಿಲ್ಲ. ಒಪ್ಪದ ತಪ್ಪು ತಿದ್ದಿಕೊಳ್ಳುವುದಿಲ್ಲ. ಇದರ ಫಲವನ್ನು ೧೯೪೧ರ ಏಪ್ರಿಲ್ ೯ರ ಪೊಲಿಟ್‌ಬ್ಯೂರೋ ನಿರ್ಣಯವೇ ದಾಖಲಿಸಿದೆ. ದಿನಕ್ಕೆ ಸರಾಸರಿ ೨-೩ ಸೈನಿಕ ವಿಮಾನಗಳು ಅವಘಡಗಳಲ್ಲಿ ನಾಶವಾಗುತ್ತಿವೆಯೆಂದು ಅದು ಲೆಕ್ಕಹೇಳಿತು. ಮುಖ್ಯಕಾರಣವೆಂದು ಅದು ಕಂಡದ್ದು ಶಿಸ್ತಿನ ಸಡಿಲಿಕೆಯನ್ನು. ವಾಯುಪಡೆಯ ಮುಖ್ಯಸ್ಥ ರಿಚಗೊವನನ್ನು ಪದವಿಯಿಂದಿಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಶತ್ರುಸೈನ್ಯವು ದೇಶದೊಳಗೆ ನುಗ್ಗಿದ್ದ ಹೊತ್ತಿನಲ್ಲಿ, ಅವನನ್ನು ಗುಂಡಿಟ್ಟು ಕೊಂದರು. ಎರಡು ದಶಕಗಳ ಕಥನರೂಢಿಯು ಇಲ್ಲಿ ತನ್ನ ತರ್ಕದ ಕೊನೆಯನ್ನು ಮುಟ್ಟಿತೆನ್ನಬೇಕು.

ಹೀಗೆ ನೋಡಿದಾಗ, ಅವಘಡವನ್ನು ನಿರೂಪಿಸುವ ಬಗೆ ಬರಿಯ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದು ಸಮಾಜವು ತನ್ನ ಕಥೆಗಳಲ್ಲಿ ಆಕಸ್ಮಿಕಕ್ಕೆ ಎಡೆಗೊಡದಿದ್ದರೆ, ತನ್ನ ನ್ಯಾಯಸ್ಥಾನಗಳಲ್ಲಿಯೂ ಎಡೆಗೊಡುವುದಿಲ್ಲ. ಪೊಲಿಕಾರ್ಪೊವನು ೧೯೪೪ರಲ್ಲಿ ತೀರಿಕೊಂಡನು. ಅವನ ಕಿರುವಿಮಾನಕ್ಕೆ ಆಗ ಅವನದೇ ಹೆಸರಿನ ಮೊದಲ ಅಕ್ಷರವನ್ನು ಸೇರಿಸಿ 'ಪೊ-೨' ಎಂದು ಕರೆದರು. ಆ ಯಂತ್ರವು ಕಲಿಯುವವನ ತಪ್ಪನ್ನು ತಾಳಿಕೊಳ್ಳುವಂತೆ ಕಟ್ಟಿದುದು. ಅಂತಹ ತಾಳ್ಮೆಯುಳ್ಳ ಕಥನವು ಸೋವಿಯತ್ ಆದಿಯುಗಕ್ಕೆ ಒದಗಲಿಲ್ಲ. ಆ ಕಾಲದ ಬರಹಗಳನ್ನು ಓದುವ ವಿದ್ಯಾರ್ಥಿಗಳು ಯಾರು ವೀರರು, ಯಾರು ದ್ರೋಹಿಗಳು ಎಂಬ ಪಟ್ಟಿಯಿಂದ ತೃಪ್ತರಾಗದೆ, ಮುರಿದ ವಿಮಾನದ ಬಳಿ ಉಳಿದು ಅದನ್ನು ಸರಿಪಡಿಸಿದವರ ಕಡೆಗೂ ಕಣ್ಣು ಹಾಯಿಸಬೇಕೆಂಬುದು ನಮ್ಮ ಅಪೇಕ್ಷೆ.